ಥಿಯೇಟರ್ ಮುಚ್ಚಿದ್ದಕ್ಕೆ ಪೇಟೆ ಸೊರಗಿತೋ, ಪೇಟೆ ಸೊರಗಿದ್ದಕ್ಕೆ ಥಿಯೇಟರ್ ಮುಚ್ಚಿತೋ?

ಓದುಗರ ಪ್ರಶ್ನೆ (ಪತ್ರ ಉದ್ದವಿತ್ತು, ಸ್ವಲ್ಪ ಮೊಟಕು ಮಾಡಿದ್ದೇನೆ):

"ನಮ್ಮದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಹಳೇ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಅಪ್ಪ 1976ರಲ್ಲಿ ಟಾಕೀಸು ಕಟ್ಟಿಸಿದರು. 820 ಸೀಟು, ಜಾಗ ಒಟ್ಟು 30 ಗುಂಟೆ. 2009ರಲ್ಲಿ ಬಸ್ ಸ್ಟ್ಯಾಂಡ್ ಬೈಪಾಸ್ ಹತ್ತಿರ ಹೋಯಿತು. ಕೊರೊನಾದಲ್ಲಿ ಥಿಯೇಟರ್ ಮುಚ್ಚಿದೆವು, ಆಮೇಲೆ ಎರಡು ಸಲ ತೆರೆದೆವು, 2023ರಿಂದ ಪೂರ್ತಿ ಬಂದ್. ಅಪ್ಪ ಈಗಿಲ್ಲ. ಅಣ್ಣ ಕೆಡವಿ ಕಾಂಪ್ಲೆಕ್ಸ್ ಕಟ್ಟೋಣ ಅಂತಾನೆ. ತಮ್ಮ ಕಲ್ಯಾಣ ಮಂಟಪ ಮಾಡೋಣ ಅಂತಾನೆ. ಆರ್ಕಿಟೆಕ್ಚರ್ ಓದುತ್ತಿರುವ ನನ್ನ ಮಗಳು 'ಇದು ಹೆರಿಟೇಜ್, ಯಾರೂ ಮುಟ್ಟಬೇಡಿ' ಅಂತ ಇಬ್ಬರ ಮೇಲೂ ಜಗಳಕ್ಕೆ ಹೋಗುತ್ತಾಳೆ. ರಸ್ತೆಯ ಅಂಗಡಿಯವರಂತೂ 'ನೀವು ಟಾಕೀಸು ಮುಚ್ಚಿದಿರಿ, ನಮ್ಮ ಪೇಟೆ ಹಾಳಾಯಿತು' ಅಂತ ನಮ್ಮನ್ನೇ ಬೈಯುತ್ತಾರೆ. ಅದು ನಿಜವಾ? ಮೊಬೈಲ್ ಬಂದ ಮೇಲೆ ಯಾರೂ ಸಿನಿಮಾಗೆ ಬರಲ್ಲ ಅನ್ನೋದು ನಿಜವಾ? ನಾವೇನು ಮಾಡಬೇಕು?"

ಉತ್ತರ:

ನಾನು ಆರ್ಕಿಟೆಕ್ಟ್. ಹಳೆಯ ಕಟ್ಟಡಗಳಿಗೆ ಹೊಸ ಕೆಲಸ ಹುಡುಕಿಕೊಡುವುದೇ ನನ್ನ ಕಸುಬು. ನಿಮ್ಮ ಹಾಗೆ ಥಿಯೇಟರ್ ಬೀಗದ ಕೈ ಹಿಡಿದುಕೊಂಡು ಬಂದ ಮನೆಯವರನ್ನು ತುಂಬಾ ನೋಡಿದ್ದೇನೆ. ಎಲ್ಲರೂ ಕಟ್ಟಡದ ಬಗ್ಗೆ ಕೇಳುತ್ತಾರೆ. ನೀವು ರಸ್ತೆಯ ಬಗ್ಗೆಯೂ ಕೇಳಿದ್ದೀರಿ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಅಂಗಡಿಯವರ ಬೈಗುಳ. ಬೆಂಗಳೂರಿನ ಕೆಂಪೇಗೌಡ ರಸ್ತೆಯನ್ನು (ಕೆ.ಜಿ. ರಸ್ತೆ) ನೋಡಿ. ಮೆಜೆಸ್ಟಿಕ್, ಸಾಗರ್, ಕಪಾಲಿ, ಅಲಂಕಾರ್, ಕಲ್ಪನಾ, ಹಿಮಾಲಯ, ಕೆಂಪೇಗೌಡ... ಹೋದ ಥಿಯೇಟರ್‌ಗಳ ಹೆಸರು ಹೇಳುತ್ತಾ ಹೋದರೆ ಬೆರಳು ಸಾಲದು. ಮೆಜೆಸ್ಟಿಕ್ ಅಂತೂ ಇಡೀ ಪ್ರದೇಶಕ್ಕೇ ಹೆಸರು ಕೊಟ್ಟು ತಾನು ಮಾಯವಾಯಿತು. ಇವತ್ತಿಗೂ ಕಂಡಕ್ಟರ್ "ಮೆಜೆಸ್ಟಿಕ್, ಮೆಜೆಸ್ಟಿಕ್" ಅಂತ ಕೂಗುವುದು ಇಲ್ಲದಿರುವ ಒಂದು ಟಾಕೀಸಿನ ಹೆಸರನ್ನು. ಹಾಗಂತ ಆ ರಸ್ತೆ ಸತ್ತಿದೆಯಾ? ಸಂಜೆ ಹೋಗಿ ನೋಡಿ, ಕಾಲಿಡಲು ಜಾಗವಿಲ್ಲ. ಥಿಯೇಟರ್ ಹೋದರೂ ಜನ ಹೋಗಲಿಲ್ಲ. ಏಕೆಂದರೆ ಬಸ್ ನಿಲ್ದಾಣ ಅಲ್ಲೇ ಇದೆ, ರೈಲ್ವೆ ನಿಲ್ದಾಣ ಅಲ್ಲೇ ಇದೆ, ಸಾಲದ್ದಕ್ಕೆ ಮೆಟ್ರೋ ಬೇರೆ ಬಂತು.

ಅಂದರೆ ಪೇಟೆಗೆ ಜನ ತಂದದ್ದು ಥಿಯೇಟರ್ ಒಂದೇ ಅಲ್ಲ. ಎಷ್ಟೋ ಸಲ ಆಗಿದ್ದು ಉಲ್ಟಾ. ಮೆಜೆಸ್ಟಿಕ್‌ನಲ್ಲಿ ಅಷ್ಟೊಂದು ಟಾಕೀಸುಗಳು ಒತ್ತೊತ್ತಾಗಿ ಎದ್ದದ್ದೇಕೆ ಅಂತ ಯೋಚಿಸಿ. ಪಕ್ಕದಲ್ಲಿ ರೈಲು. ಧರ್ಮಾಂಬುಧಿ ಕೆರೆ ಇದ್ದ ಅಂಗಳದಲ್ಲಿ ಬಸ್ಸು. ಕೋರ್ಟು, ಕಚೇರಿ, ಚಿಕ್ಕಪೇಟೆ ಸೀರೆ ಅಂಗಡಿ ಅಂತ ಜಿಲ್ಲೆಗಳಿಂದ ಬಂದವರಿಗೆ ಕೆಲಸ ಮುಗಿದ ಮೇಲೆ ರಾತ್ರಿ ಬಸ್ಸಿನವರೆಗೆ ನಾಲ್ಕೈದು ಗಂಟೆ ಬಾಕಿ. ಎಲ್ಲಿ ಕೂರುವುದು? ಎಷ್ಟೋ ಜನ ಒಂದು ಟಿಕೆಟ್ ತಗೊಂಡು ಫ್ಯಾನ್ ಕೆಳಗೆ ಕೂರುತ್ತಿದ್ದರು. ಸಿನಿಮಾ ಯಾವುದು ಅನ್ನೋದು ಎರಡನೇ ಮಾತು. ಚಿತ್ರಮಂದಿರ ಅಂದರೆ ಊರಿನ ಕಾಯುವ ಕೋಣೆಯೂ ಆಗಿತ್ತು.

ನಿಮ್ಮ ತಂದೆ ಹಳೇ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಜಾಗ ಹಿಡಿದದ್ದೂ ಇದೇ ಲೆಕ್ಕದಿಂದ ಇರಬೇಕು. ಸಂತೆಗೆ ಬಂದವನು ಮ್ಯಾಟಿನಿ ನೋಡಿ ಕೊನೆ ಬಸ್ಸಿಗೆ ಹೋಗಬೇಕು. ಬಸ್ ಸ್ಟ್ಯಾಂಡ್ ಬೈಪಾಸಿಗೆ ಹೋದ ದಿನವೇ ಆ ಲೆಕ್ಕ ತಪ್ಪಿತು. ನೀವು ಬೀಗ ಹಾಕಿದ್ದು 14 ವರ್ಷ ಆದ ಮೇಲೆ. ಹಾಗಾಗಿ ಅಂಗಡಿಯವರ ಮಾತು ಅರ್ಧ ಮಾತ್ರ ನಿಜ.

ಆ ಅರ್ಧವನ್ನೂ ಹೇಳುತ್ತೇನೆ. ಥಿಯೇಟರ್ ಇದ್ದಾಗ ರಸ್ತೆಗೆ ಸಿಗುತ್ತಿದ್ದದ್ದು ಬರೀ ಜನವಲ್ಲ, ಹೊತ್ತು. ಸೆಕೆಂಡ್ ಶೋ ಬಿಡುವುದು ರಾತ್ರಿ ಹನ್ನೆರಡೂವರೆಗೆ. ಅಲ್ಲಿಯವರೆಗೆ ಟೀ ಅಂಗಡಿ, ಬೀಡಾ ಅಂಗಡಿ, ಸೈಕಲ್ ಸ್ಟ್ಯಾಂಡ್, ಎಗ್ ರೈಸ್ ಗಾಡಿ ಎಲ್ಲಾ ದೀಪ ಹಚ್ಚಿಕೊಂಡೇ ಇರುತ್ತಿದ್ದವು. ಆರು ಗಂಟೆಗೆ ಫಸ್ಟ್ ಶೋಗೆ ಕ್ಯೂ, ಒಂಬತ್ತಕ್ಕೆ ಒಂದು ಗುಂಪು ಹೊರಗೆ, ಇನ್ನೊಂದು ಒಳಗೆ. ಥಿಯೇಟರ್ ಹೋದ ಮೇಲೆ ಕೆ.ಜಿ. ರಸ್ತೆಯಲ್ಲೂ ಜನ ಇದ್ದಾರೆ, ಆದರೆ ಅಂಗಡಿ ಬಾಗಿಲು ಹಾಕಿದ ಮೇಲಿನ ಆ ರಾತ್ರಿಯ ಗಲಾಟೆ ಕಡಿಮೆ. ನಿಮ್ಮ ಬೀದಿಯ ಅಂಗಡಿಯವರು ಕಳೆದುಕೊಂಡಿದ್ದು ಅದನ್ನೇ. ಅವರ ಸಿಟ್ಟು ಸುಳ್ಳಲ್ಲ, ತಪ್ಪು ಮನೆ ಬಾಗಿಲಿಗೆ ಬಂದಿದೆ ಅಷ್ಟೇ.

ಇನ್ನು ಮೊಬೈಲ್ ವಿಚಾರ. ಪ್ರತಿ ಕಾಲದಲ್ಲೂ ಥಿಯೇಟರ್ ಸಾವಿಗೆ ಒಬ್ಬ ಆರೋಪಿ ಬೇಕು. ಮೊದಲು ದೂರದರ್ಶನ, ಆಮೇಲೆ ವಿಸಿಆರ್, ಕೇಬಲ್, ಈಗ ಮೊಬೈಲಿನಲ್ಲೇ ಸಿನಿಮಾ ತೋರಿಸುವ ಒಟಿಟಿ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಎಂಬತ್ತರ ದಶಕದಲ್ಲಿ ನಮ್ಮ ಥಿಯೇಟರ್‌ಗಳಲ್ಲಿ ನೂರು ದಿನ, ಸಿಲ್ವರ್ ಜ್ಯೂಬಿಲಿ ನಿಂತುಹೋಯಿತಾ? ಇಲ್ಲವಲ್ಲ. ಅಮೆರಿಕದ ಕಥೆಯೂ ಇದನ್ನೇ ಹೇಳುತ್ತದೆ. ಅಲ್ಲಿ ಸಿನಿಮಾ ನೋಡುವವರ ಸಂಖ್ಯೆ ತುದಿ ಮುಟ್ಟಿದ್ದು 1946ರಲ್ಲಿ, ಆಮೇಲೆ ಇಳಿಮುಖ. ಆದರೆ 1950ರಲ್ಲೂ ಅಲ್ಲಿ ನೂರಕ್ಕೆ ಒಂಬತ್ತು ಮನೆಗಳಲ್ಲಿ ಮಾತ್ರ ಟಿವಿ ಇತ್ತು. ಹಾಗಾದರೆ ಜನ ಎಲ್ಲಿ ಹೋದರು? ಯುದ್ಧ ಮುಗಿದಿತ್ತು, ಮದುವೆ, ಮಕ್ಕಳು, ಊರಾಚೆ ಹೊಸ ಬಡಾವಣೆ, ಮನೆಗೊಂದು ಕಾರು. ನಗರದ ನಡುವಿನ ದೊಡ್ಡ ಥಿಯೇಟರ್ ಅವರ ದಾರಿಯಿಂದಲೇ ತಪ್ಪಿಹೋಯಿತು. ಟಿವಿ ಬಂದು ಕೊನೆಯ ಏಟು ಕೊಟ್ಟಿತು. ನಿಮ್ಮೂರಿನ ಬೈಪಾಸಿಗೂ ಇದಕ್ಕೂ ಹೋಲಿಕೆ ಕಾಣುತ್ತದೆ ಅಲ್ವಾ?

ಒಟಿಟಿ ಪೆಟ್ಟು ಕೊಟ್ಟಿಲ್ಲ ಅಂತ ಹೇಳುತ್ತಿಲ್ಲ. ಕೊಟ್ಟಿದೆ. ಇನ್ನೊಂದು ತಿಂಗಳಿಗೆ ಮನೆಗೇ ಬರುತ್ತೆ ಅಂತ ಗೊತ್ತಿದ್ದರೆ ಸಾಧಾರಣ ಸಿನಿಮಾಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಆದರೆ ತಾಲ್ಲೂಕು ಟಾಕೀಸಿನ ಬೇರು ಅದಕ್ಕಿಂತ ಮುಂಚೆಯೇ ಸಡಿಲವಾಗಿತ್ತು. ಅದು ವ್ಯಾಪಾರದ ಒಳಗಿನ ಕಥೆ, ನಿಮ್ಮ ಅಣ್ಣನಿಗೆ ಗೊತ್ತಿರುತ್ತದೆ.

ಹಿಂದೆ ದೊಡ್ಡ ಊರು ಎ ಸೆಂಟರ್, ಆಮೇಲಿನವು ಬಿ ಸೆಂಟರ್, ಸಿ ಸೆಂಟರ್ ಅಂತ ಇತ್ತು. ಪ್ರಿಂಟ್ ಮಾಡಿಸುವುದು ದುಬಾರಿ. ಹಾಗಾಗಿ ರೀಲಿನ ಡಬ್ಬ ಮೊದಲು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಓಡಿ, ತಿಂಗಳುಗಳಾದ ಮೇಲೆ ಗೀರು ಬಿದ್ದು ನಿಮ್ಮೂರಿಗೆ ಬರುತ್ತಿತ್ತು. ಜನ ಕಾಯುತ್ತಿದ್ದರು. 'ಮೆಜೆಸ್ಟಿಕ್‌ನಲ್ಲಿ ನೂರು ದಿನ' ಅನ್ನುವ ಮಾತೇ ನಿಮ್ಮೂರಿಗೆ ಜಾಹೀರಾತು. ಕೆ.ಜಿ. ರಸ್ತೆಯಲ್ಲಿ ಪ್ರತಿ ದೊಡ್ಡ ಚಿತ್ರಕ್ಕೂ ಒಂದು 'ಮೇನ್ ಥಿಯೇಟರ್', ಅಲ್ಲಿ ಕಟೌಟು, ಹಾರ, ಸ್ಟಾರು. 2005ರ ನಂತರ ಡಿಜಿಟಲ್ ಬಂತು. ಡಬ್ಬ ಬೇಡ, ಬೆಂಗಳೂರಿನ ದಿನವೇ ನಿಮಗೂ ಹೊಸ ಸಿನಿಮಾ. ಸಣ್ಣ ಊರಿನವರು ಹಬ್ಬ ಮಾಡಿದರು. ಆದರೆ ಎಲ್ಲ ಕಡೆ ಒಟ್ಟಿಗೆ ಬಿಟ್ಟರೆ ಗಳಿಕೆಯೆಲ್ಲ ಮೊದಲ ಮೂರು ದಿನಕ್ಕೆ ಬಂದು ನಿಲ್ಲುತ್ತದೆ. ಸೋಮವಾರದಿಂದ ಹಾಲ್ ಖಾಲಿ. 820 ಸೀಟಿನ ಥಿಯೇಟರ್ ಕಟ್ಟಿದ್ದು ವಾರಗಟ್ಟಲೆ ಓಡುವ ಚಿತ್ರಕ್ಕೆ. ಮೂರು ದಿನದ ಚಿತ್ರಕ್ಕೆ ಆ ಕಟ್ಟಡ ಜಾಸ್ತಿಯಾಯಿತು.

ಇತ್ತ ನಗರದಲ್ಲಿ ಮಲ್ಟಿಪ್ಲೆಕ್ಸ್ ಬಂತು. ಕೋರಮಂಗಲದ ಮಾಲ್‌ನಲ್ಲಿ 2004ರಲ್ಲಿ 11 ಪರದೆಯ ಮಲ್ಟಿಪ್ಲೆಕ್ಸ್ ತೆರೆಯಿತು. ಅದು ತಂದ ದೊಡ್ಡ ಬದಲಾವಣೆ ಪಾಪ್‌ಕಾರ್ನ್ ರೇಟಲ್ಲ. ಸಣ್ಣ ಹಾಲ್, ದೊಡ್ಡ ಹಾಲ್ ಎರಡೂ ಇರುವುದರಿಂದ ಜನ ಕಡಿಮೆಯಾದ ಚಿತ್ರವನ್ನು ಸಣ್ಣದಕ್ಕೆ ತಳ್ಳಿ ನಷ್ಟವನ್ನೂ ಸಣ್ಣದು ಮಾಡಬಹುದು. ನಿಮಗೆ ಆ ಅನುಕೂಲವಿಲ್ಲ. ಮೇಲಾಗಿ ಅಲ್ಲಿ ನಿರ್ಮಾಪಕ ಹಾಲಿಗೆ ಬಾಡಿಗೆ ಕೊಡುವ ಪದ್ಧತಿ ಇಲ್ಲ, ಗಳಿಕೆಯಲ್ಲಿ ಪಾಲು. 2009ರಲ್ಲಿ ಹಿಂದಿ ನಿರ್ಮಾಪಕರು ಮಲ್ಟಿಪ್ಲೆಕ್ಸ್‌ಗಳ ಜೊತೆ ಎರಡು ತಿಂಗಳು ಜಗಳವಾಡಿ ತಮ್ಮ ಪಾಲು ಮೊದಲ ವಾರ ಶೇ. 50, ಎರಡನೇ ವಾರ 42.5, ಆಮೇಲೆ 37.5, 30 ಅಂತ ರಾಜಿಯಾದರು. ನಮ್ಮ ಹಳೆಯ ಥಿಯೇಟರ್‌ಗಳು ವಾರಕ್ಕಿಷ್ಟು ಬಾಡಿಗೆ ಅಂತ ಕೂತಿದ್ದವು. ಸಿನಿಮಾ ಬಿದ್ದರೆ ನಿರ್ಮಾಪಕನ ತಲೆ ಮೇಲೆ. ಹೊಸ ನಿರ್ಮಾಪಕರು ಪಾಲು ಕೇಳತೊಡಗಿದಾಗ ನಷ್ಟದ ಭಾರ ಥಿಯೇಟರ್ ಮೇಲೂ ಬಿತ್ತು.

ಇಷ್ಟೆಲ್ಲ ಇದ್ದರೂ ನನ್ನ ಅನುಭವದಲ್ಲಿ ಥಿಯೇಟರ್‌ಗಳ ನಿಜವಾದ ಶತ್ರು ಬೇರೆ. ಅದು ಥಿಯೇಟರ್ ನಿಂತಿರುವ ನೆಲ. ಎಂ.ಜಿ. ರಸ್ತೆಯ ಪ್ಲಾಜಾ 1936ರದ್ದು. ಇವತ್ತು ಆ ಜಾಗದಲ್ಲಿ ಮೆಟ್ರೋ ನಿಲ್ದಾಣ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಮುಚ್ಚಿತು. ಸ್ಯಾಂಕಿ ರಸ್ತೆಯ ಕಾವೇರಿ 1974ರಿಂದ ಓಡಿ 2024ರಲ್ಲಿ ನಿಂತಿತು. ಇವೆಲ್ಲ ಊರಾಚೆಯ ಕಟ್ಟಡಗಳಲ್ಲ, ಬೆಂಗಳೂರಿನ ಅತಿ ದುಬಾರಿ ಜಾಗಗಳು. ಲಾಭ ಬರುತ್ತಿದ್ದರೂ ಅದು ನೆಲದ ಬೆಲೆಯ ಎದುರು ಚಿಲ್ಲರೆ ಅನಿಸುತ್ತದೆ. ಮಾಲೀಕರ ಮೇಲೆ ಸಿಟ್ಟಾಗುವುದು ಸುಲಭ. ಅವರ ಜಾಗದಲ್ಲಿ ನಾವಿದ್ದರೆ ಏನು ಮಾಡುತ್ತಿದ್ದೆವು ಅನ್ನುವುದು ಕಷ್ಟದ ಪ್ರಶ್ನೆ. ನೀವು ಈಗ ಅದೇ ಪ್ರಶ್ನೆಯ ಎದುರು ಕೂತಿದ್ದೀರಿ.

ನಿಮ್ಮ ಮಗಳಿಗೆ ಒಂದು ಮಾತು. ಹೆರಿಟೇಜ್ ಅನ್ನುವವರು 'ಆಗ ಎಲ್ಲರೂ ಒಂದೇ ಸೂರಿನಡಿ ಕೂತು ನೋಡುತ್ತಿದ್ದರು' ಅಂತ ಹೇಳುತ್ತಾರೆ. ನಾನು ಅಳೆದ ನಕ್ಷೆಗಳು ಬೇರೆ ಹೇಳುತ್ತವೆ. ಗಾಂಧಿ ಕ್ಲಾಸಿಗೆ (ಪರದೆ ಮುಂದಿನ ಅಗ್ಗದ ಸೀಟು) ಪಕ್ಕದ ಸಂದಿಯಿಂದ ಬೇರೆ ಬಾಗಿಲು, ಬೇರೆ ಕೌಂಟರು, ಕಬ್ಬಿಣದ ಸರಳಿನ ಕ್ಯೂ. ಬಾಲ್ಕನಿಗೆ ಮುಂದಿನಿಂದ ಮೊಸಾಯಿಕ್ ಮೆಟ್ಟಿಲು. ಇಂಟರ್‌ವಲ್‌ನಲ್ಲೂ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಕಟ್ಟಿದ ಥಿಯೇಟರ್‌ಗಳಿವೆ. ಟೆಂಟಿನಲ್ಲಿ ಹೆಂಗಸರ ಕಡೆ, ಗಂಡಸರ ಕಡೆ ಅಂತ ನಡುವೆ ಗೋಡೆಯೋ ಹಗ್ಗವೋ ಇರುತ್ತಿತ್ತು. ಬೆಂಗಳೂರಂತೂ ಎರಡು ಊರೇ ಆಗಿತ್ತು. ದಂಡಿನ (ಕಂಟೋನ್ಮೆಂಟ್) ಕಡೆ ಇಂಗ್ಲಿಷ್ ಚಿತ್ರ, ಪೇಟೆ ಕಡೆ ನಮ್ಮದು. ಕನ್ನಡದ ಮೊದಲ ಟಾಕಿ ಚಿತ್ರ 1934ರ ಮಾರ್ಚ್ 3ರಂದು ತೆರೆಕಂಡದ್ದು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ, ಎಂ.ಜಿ. ರಸ್ತೆ ಕಡೆ ಅಲ್ಲ. ಇದೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಹೋಟೆಲಿನಲ್ಲಿ ಲೋಟ ಬೇರೆ ಇಡುತ್ತಿದ್ದ ಕಾಲದಲ್ಲೂ ಟಿಕೆಟ್ ಕಿಂಡಿ ಕೇಳಿದ್ದು ದುಡ್ಡನ್ನು. ಎಷ್ಟೋ ಹೆಣ್ಣುಮಕ್ಕಳಿಗೆ ದೇವಸ್ಥಾನ, ತವರು ಬಿಟ್ಟರೆ ಮನೆಯಿಂದ ಹೊರಬೀಳಲು ಇದ್ದ ನೆಪ ಮ್ಯಾಟಿನಿ ಒಂದೇ. ಹೆರಿಟೇಜ್ ಅಂತ ಹೇಳುವುದಾದರೆ ಈ ಎರಡೂ ಮುಖ ಸೇರಿಸಿ ಹೇಳಲಿ.

ಮತ್ತೆ, 1976ರ ಖಾಸಗಿ ಕಟ್ಟಡಕ್ಕೆ ಸರ್ಕಾರದ ರಕ್ಷಣೆ, ಹಣ ಬರುತ್ತದೆ ಅಂತ ನಂಬಿ ಕೂರಬೇಡಿ. ಉಳಿಸಿದರೆ ನೀವೇ ಉಳಿಸಬೇಕು.

ಈಗ ಏನು ಮಾಡಬಹುದು ಅನ್ನುವುದಕ್ಕೆ ಬರೋಣ. ಯಾವುದಕ್ಕೂ ಮುಂಚೆ ಒಂದು ವಾರ, ಸಂತೆ ದಿನವೂ ಸೇರಿದ ಹಾಗೆ, ಸಂಜೆ ಆರೂವರೆಗೆ ಮತ್ತು ರಾತ್ರಿ ಒಂಬತ್ತೂವರೆಗೆ ನಿಮ್ಮ ಗೇಟಿನ ಮುಂದೆ ಅರ್ಧ ಗಂಟೆ ನಿಲ್ಲಿ. ಎಷ್ಟು ಜನ ನಡೆದು ಹೋದರು, ಎಷ್ಟು ಅಂಗಡಿ ತೆರೆದಿವೆ, ಹೆಂಗಸರೆಷ್ಟು ಅಂತ ಬರೆದಿಡಿ. ಸುಮ್ನೆ ಹೇಳುತ್ತಿಲ್ಲ. ನಾನು ಮೊದಲು ಕೇಳುವ ದಾಖಲೆ ಇದೇ.

ಥಿಯೇಟರ್ ಹಾಗೇ ತೆರೆದರೆ ಏನಾಗುತ್ತದೆ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ. ದಿನಕ್ಕೆ ನಾಲ್ಕು ಶೋ, 3,280 ಸೀಟು. ಶೋಗೆ 60 ಜನ ಬಂದರು ಅಂತಿಟ್ಟುಕೊಳ್ಳಿ, 240 ಟಿಕೆಟ್. ತೆರಿಗೆ ಸೇರಿ 100 ರೂಪಾಯಿ ಟಿಕೆಟ್ ಆದರೆ 24,000. ನೂರು ರೂಪಾಯಿವರೆಗಿನ ಟಿಕೆಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದದ್ದು ಒಳ್ಳೆಯದೇ ಆಯಿತು. ಅದನ್ನು ಕಳೆದು, ಉಳಿದದ್ದರಲ್ಲಿ ಅರ್ಧ ಹಂಚಿಕೆದಾರರಿಗೆ ಹೋದರೆ ನಿಮ್ಮ ಕೈಗೆ ಸುಮಾರು 11,400 ರೂಪಾಯಿ. ಕರೆಂಟು, ಸಂಬಳ, ಪ್ರೊಜೆಕ್ಟರ್ ಕಂಪನಿಯ ಶುಲ್ಕ ಎಲ್ಲ ಅದರಲ್ಲೇ. ಕ್ಯಾಂಟೀನ್ ಗುತ್ತಿಗೆ ಮತ್ತು ಪಾರ್ಕಿಂಗ್ ಇಲ್ಲದಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಹಾಗೇ ತೆರೆಯಬೇಡಿ ಅನ್ನುವುದೇ ನನ್ನ ಸಲಹೆ.

ಹಾಲನ್ನು ಕುಗ್ಗಿಸುವುದು ಇನ್ನೊಂದು ದಾರಿ. ಬಾಲ್ಕನಿ ಒಂದು ಪರದೆ, ಕೆಳಗಡೆ ಒಂದು ಪರದೆ ಅಂತ ಎಲ್ಲರಿಗೂ ಹೊಳೆಯುತ್ತದೆ. ನಾನೂ ಒಂದು ಜಿಲ್ಲಾ ಕೇಂದ್ರದಲ್ಲಿ ಮಾಡಿಸಿದ್ದೆ. ನಡುವಿನ ಗೋಡೆಗೆ ಖರ್ಚು ಉಳಿಸಲು ಒಪ್ಪಿಕೊಂಡದ್ದು ನನ್ನದೇ ತಪ್ಪು. ಕೆಳಗೆ ಫೈಟ್ ಶುರುವಾದರೆ ಮೇಲೆ ತಾಯಿ ಸಾಯುವ ದೃಶ್ಯದಲ್ಲಿ ಕುರ್ಚಿ ನಡುಗುತ್ತಿತ್ತು. ಎರಡನೇ ಸಲ ಗೋಡೆ ಕಟ್ಟಿದೆವು. ಖರ್ಚು ಡಬಲ್. ಶಬ್ದಕ್ಕಿಂತ ದೊಡ್ಡ ವಿಷಯ ಬಾಗಿಲುಗಳು. ಹಾಲ್ ಒಡೆದಾಗ ಹೊರಹೋಗುವ ದಾರಿ ಹಂಚಿಹೋಗುತ್ತದೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಅಲ್ಲಿ ಹೆಚ್ಚುವರಿ ಸೀಟು ಹಾಕಲು ಬಾಲ್ಕನಿಯ ಓಡಾಟದ ದಾರಿಯನ್ನೇ ಮುಚ್ಚಿದ್ದರು. ಅದನ್ನು ನೆನಪಿಟ್ಟುಕೊಂಡೇ ನಕ್ಷೆ ಹಾಕಿಸಿ. ಆ ಕಾಲದ ಥಿಯೇಟರ್ ಆದ್ದರಿಂದ ಚಾವಣಿ ಕಲ್ನಾರಿನ ಶೀಟು ಇರಬಹುದು. ಅದನ್ನು ಒಡೆದು ತೆಗೆಸಬೇಡಿ, ದೂಳು ಶ್ವಾಸಕೋಶಕ್ಕೆ ಅಪಾಯ. ನೆನೆಸಿ, ಇಡಿಯಾಗಿ ಬಿಚ್ಚಿಸಿ.

ಅಣ್ಣನ ಕಾಂಪ್ಲೆಕ್ಸ್. ದುಡ್ಡಿನ ಲೆಕ್ಕದಲ್ಲಿ ಅವರು ಹೇಳುವುದು ತಪ್ಪಲ್ಲ. ಕೆ.ಜಿ. ರಸ್ತೆಯಲ್ಲಿ ಅಲಂಕಾರ್ ಥಿಯೇಟರ್ ಹೋಗಿ ಅಲಂಕಾರ್ ಪ್ಲಾಜಾ ಆಗಿ ಎಷ್ಟು ವರ್ಷವಾಯಿತು! ಆದರೆ ಅದು ಮೆಜೆಸ್ಟಿಕ್. ನಿಮ್ಮ ರಸ್ತೆಯಲ್ಲಿ ಈಗಲೇ ಎಷ್ಟು ಮಳಿಗೆಗಳ ಮೇಲೆ 'ಬಾಡಿಗೆಗೆ ಇದೆ' ಬೋರ್ಡಿದೆ ಎಣಿಸಿ. ನೆಲಮಹಡಿ ತುಂಬುತ್ತದೆ, ಮೊದಲ ಮಹಡಿ ಅರ್ಧ ತುಂಬುತ್ತದೆ, ಅದರ ಮೇಲೆ ಟ್ಯೂಷನ್ ಕ್ಲಾಸು. ಬಿಲ್ಡರ್ ಜೊತೆ ಜಾಯಿಂಟ್ ಡೆವಲಪ್‌ಮೆಂಟ್ (ಜಾಗ ನಿಮ್ಮದು, ಕಟ್ಟುವುದು ಅವನು, ಕಟ್ಟಡದಲ್ಲಿ ಪಾಲು) ಅಂದರೆ ಇನ್ನೂ ಹುಷಾರು. 'ಮೇಲೆ ಎರಡು ಪರದೆ ಕೊಡುತ್ತೇವೆ' ಅನ್ನುವ ಮಾತು ಕರಾರಿನಲ್ಲಿ ಅಳತೆ ಸಮೇತ ಇರದಿದ್ದರೆ ಅದು ಬರುವುದಿಲ್ಲ. ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಬಿಲ್ಡರ್‌ಗೆ ಕೊಡುವ ಪತ್ರಕ್ಕೆ (ಜಿಪಿಎ) ಸಹಿ ಹಾಕುವ ಮುಂಚೆ ಮೂವರ ಪಾಲು ಎಷ್ಟೆಷ್ಟು ಅಂತ ವಕೀಲರ ಮುಂದೆ ಇತ್ಯರ್ಥ ಮಾಡಿಕೊಳ್ಳಿ. ಕಟ್ಟಡದ ಜಗಳಕ್ಕಿಂತ ಅಣ್ಣ ತಮ್ಮ ಅಕ್ಕನ ಜಗಳದಲ್ಲಿ ಹಾಳಾದ ಥಿಯೇಟರ್‌ಗಳೇ ನನಗೆ ಜಾಸ್ತಿ ಗೊತ್ತು.

ತಮ್ಮನ ಕಲ್ಯಾಣ ಮಂಟಪಕ್ಕೆ ಕಂಬವಿಲ್ಲದ ಹಾಲ್ ಹೇಳಿ ಮಾಡಿಸಿದ ಹಾಗಿದೆ. ಇಳಿಜಾರು ನೆಲ ಸಮ ಮಾಡಬೇಕು, ಅಡುಗೆಮನೆ, ಊಟದ ಹಾಲ್ ಹೊಸದಾಗಿ ಬೇಕು. ವರ್ಷದಲ್ಲಿ ಮುಹೂರ್ತ ಇರುವ ದಿನಗಳಷ್ಟೇ ದುಡಿಮೆ, ಆಷಾಢ ಬಂದರೆ ಬಾಗಿಲು. ಬೈಪಾಸಿನಲ್ಲಿ ಪಾರ್ಕಿಂಗ್ ಇರುವ ಹೊಸ ಮಂಟಪ ಎದ್ದರೆ ನಿಮ್ಮದು ಎರಡನೇ ಆಯ್ಕೆಯಾಗುತ್ತದೆ. ಇನ್ನೊಂದು ವಿಷಯ, ಸಿನಿಮಾ ಲೈಸೆನ್ಸ್ ಒಮ್ಮೆ ಕೈಬಿಟ್ಟರೆ ಮತ್ತೆ ಬೇಕಾದಾಗ ಇವತ್ತಿನ ನಿಯಮಕ್ಕೆ ಕಟ್ಟಡವನ್ನು ಹೊಂದಿಸಿಯೇ ಅರ್ಜಿ ಹಾಕಬೇಕು. ಲೈಸೆನ್ಸ್ ಈಗ ಯಾವ ಸ್ಥಿತಿಯಲ್ಲಿದೆ ಅಂತ ಜಿಲ್ಲಾಧಿಕಾರಿ ಕಚೇರಿಯಲ್ಲಿ ಈ ತಿಂಗಳೇ ವಿಚಾರಿಸಿ.

ನನ್ನ ಜಾಗ ಆಗಿದ್ದರೆ? ಥಿಯೇಟರ್ ಮುಂದೆ ಕ್ಯೂ ನಿಲ್ಲಲು, ಸೈಕಲ್ ನಿಲ್ಲಿಸಲು ಬಿಟ್ಟ ಅಂಗಳ ನಿಮ್ಮದರಲ್ಲೂ ಇರಬೇಕು. ರಸ್ತೆಗೆ ಮುಖ ಮಾಡಿ ಅಲ್ಲಿ ಎಂಟ್ಹತ್ತು ಸಣ್ಣ ಮಳಿಗೆ, ಒಂದು ಒಳ್ಳೆಯ ಹೋಟೆಲ್. ಅವು ಬಾಡಿಗೆ ತರಲು ಶುರುವಾದ ಮೇಲೆ ಹಿಂದಿನ ಹಾಲನ್ನು ಒಂದೇ ಪರದೆಯಾಗಿ ಇಟ್ಟು 280 ಸೀಟಿಗೆ ಇಳಿಸುತ್ತಿದ್ದೆ. ಹಾಲಿಗೆ ಖರ್ಚು ಮಾಡುವ ಮೊದಲ ರೂಪಾಯಿ ಸೌಂಡ್ ಸಿಸ್ಟಂಗಲ್ಲ, ಹೆಂಗಸರ ಶೌಚಾಲಯಕ್ಕೆ. ತಾಲ್ಲೂಕು ಥಿಯೇಟರ್‌ಗೆ ಮನೆಮಂದಿ ಬರುವುದು ನಿಲ್ಲಿಸಿದ್ದಕ್ಕೆ ಮೊಬೈಲಿಗಿಂತ ಇದು ದೊಡ್ಡ ಕಾರಣ. ಬೇಕಿದ್ದರೆ ನಿಮ್ಮೂರಿನ ಹೆಂಗಸರನ್ನೇ ಕೇಳಿ. ಸಿನಿಮಾ ಇಲ್ಲದ ದಿನ ನಾಟಕ, ಶಾಲೆಯ ವಾರ್ಷಿಕೋತ್ಸವ. ಇದರಲ್ಲೂ ಅಪಾಯವಿದೆ. ಹಾಲ್ ಮೊದಲ ಮೂರ್ನಾಲ್ಕು ವರ್ಷ ಮಳಿಗೆ ಬಾಡಿಗೆಯನ್ನು ತಿನ್ನಬಹುದು. ಗೇಟಿನ ಮುಂದೆ ನಿಂತು ಎಣಿಸಿದಾಗ ಏಳು ಗಂಟೆಗೇ ರಸ್ತೆ ಖಾಲಿ ಅಂತ ಕಂಡರೆ ನನ್ನ ಈ ಯೋಜನೆಯನ್ನೂ ಬಿಟ್ಟುಬಿಡಿ, ತಮ್ಮನ ಮಾತು ಕೇಳಿ, ಇಲ್ಲವೇ ಒಳ್ಳೆ ಬೆಲೆ ಬಂದರೆ ಮಾರಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮಾರುವುದಾದರೂ, ಕೆಡವುವುದಾದರೂ ಮಗಳಿಗೆ ಒಂದು ಕೆಲಸ ಕೊಡಿ. ಕಟ್ಟಡವನ್ನು ಅಳೆದು ನಕ್ಷೆ ಬರೆಯಲಿ, ಟಿಕೆಟ್ ಕಿಂಡಿಯ ಫೋಟೊ ತೆಗೆಯಲಿ, ಪ್ರೊಜೆಕ್ಟರ್ ಗುಜರಿಗೆ ಹೋಗದಂತೆ ನೋಡಿಕೊಳ್ಳಲಿ. ಎಲ್ಲಕ್ಕಿಂತ ಮುಖ್ಯ, ಆಫೀಸ್ ಕೋಣೆಯ ಬೀರುವಿನಲ್ಲಿ ಡಿಸಿಆರ್ ಪುಸ್ತಕಗಳಿವೆಯಾ ನೋಡಿ. ಪ್ರತಿ ದಿನ, ಪ್ರತಿ ಶೋಗೆ, ಪ್ರತಿ ಕ್ಲಾಸಿನಲ್ಲಿ ಎಷ್ಟು ಟಿಕೆಟ್ ಹೋಯಿತು ಅನ್ನುವ ಲೆಕ್ಕ. ತುಂಬಾ ಜನ ಅದನ್ನು ಮೊದಲು ರದ್ದಿಗೆ ಹಾಕುತ್ತಾರೆ. 2009ರ ಹಿಂದಿನ ಒಂದು ವರ್ಷ, ಮುಂದಿನ ಒಂದು ವರ್ಷದ ಪುಸ್ತಕ ಸಿಕ್ಕರೆ ಮ್ಯಾಟಿನಿ ಮತ್ತು ಸೆಕೆಂಡ್ ಶೋ ಕಾಲಂ ಅಕ್ಕಪಕ್ಕ ಇಟ್ಟು ನೋಡಿ. ಬಸ್ ಸ್ಟ್ಯಾಂಡ್ ಹೋದ ತಿಂಗಳಿಂದಲೇ ಮ್ಯಾಟಿನಿ ಬಿದ್ದಿದ್ದರೆ, ಆ ಪುಟವನ್ನು ಜೆರಾಕ್ಸ್ ಮಾಡಿಸಿ ಎದುರಿನ ಅಂಗಡಿಯವರಿಗೆ ತೋರಿಸಿ. ನನಗೂ ಒಂದು ಪ್ರತಿ ಕಳಿಸಿ.